ಕಾಕು, ಮುಚ್ಚಳ!

ಕಾಚಿಗುಡದ ನಮ್ಮ ಗಲ್ಲಿಯಲ್ಲಿ ಯಾರ ಮನೆಯ ಹಳೆಯ ಆಲ್ಬಮ್ ತೆರೆದರೂ ಒಂದು ವಿಚಿತ್ರ ಕಾಣುತ್ತದೆ. ಫೋಟೋದಲ್ಲಿರುವವರೆಲ್ಲ ಬಾಯಿ ತೆರೆದಿರುತ್ತಾರೆ. ಮುಂಜಿಯ ವಟು, ಅವನ ಅಜ್ಜಿ, ಹಿಂದೆ ಸೌಟು ಹಿಡಿದು ನಿಂತ ಅಡುಗೆಯವರು, ಹೋಮದ ಹೊಗೆಗೆ ಕಣ್ಣು ಕಿವುಚಿಕೊಂಡ ಪುರೋಹಿತರು ಕೂಡ, ಎಲ್ಲರೂ ಏನನ್ನೋ ಕೂಗಿ ಈಗಷ್ಟೇ ನಿಲ್ಲಿಸಿ ನಗಲು ಶುರುಮಾಡಿದ ಹಾಗಿರುತ್ತಾರೆ. ಇನ್ನು ಫೋಟೋದ ಎಡಮೂಲೆಯಲ್ಲಿ, ಮೇಲುಗಡೆ, ಸಣ್ಣದೊಂದು ಬೆಳ್ಳನೆಯ ಚುಕ್ಕೆ. ಹೊಸದಾಗಿ ಗಲ್ಲಿಗೆ ಬಂದ ಸೊಸೆಯಂದಿರು ಅದನ್ನು ಗುರುಗಳ ಅನುಗ್ರಹವೆಂದು ತಿಳಿದು ಕಣ್ಣಿಗೊತ್ತಿಕೊಂಡದ್ದೂ ಉಂಟು. ಅದು ಅನುಗ್ರಹವಲ್ಲ, ತೂತು. ಆ ತೂತಿನ ಒಡತಿ ನಮ್ಮ ಇಂದೂ ಕಾಕು.

ಇಂದುಮತಿ ಕಾಕು ನನಗೆ ರಕ್ತಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಅವರದು ನಮ್ಮ ಎದುರು ಮನೆ. ಎರಡೂ ಮನೆಯವರು ರಾಯಚೂರು ಕಡೆಯಿಂದ ಸರಕಾರಿ ನೌಕರಿ ಹಿಡಿದು ಹೈದರಾಬಾದಿಗೆ ಬಂದು ಇಲ್ಲೇ ಬೇರು ಬಿಟ್ಟವರು. ಕಾಕು, ಅಂದರೆ ಚಿಕ್ಕಮ್ಮ, ಅನ್ನಲು ಅಷ್ಟು ಸಾಕಿತ್ತು. ಮಹಿಳಾ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಕಪ್ಪೆ ಕೊಯ್ದ ಕೈ ಎಂದು ನಮ್ಮ ಅಜ್ಜಿ ಅವರ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ, ಆದರೆ ಫೋಟೋ ಎಂದರೆ ಮೊದಲ ಸಾಲಿನಲ್ಲಿ ಹೋಗಿ ಕೂರುತ್ತಿದ್ದಳು. ಕಾಕುವಿನ ಕೈಯಲ್ಲಿ ಯಾವಾಗಲೂ ಬಟ್ಟೆಯ ಚೀಲ, ಚೀಲದಲ್ಲಿ ಪುಂಡಿಪಲ್ಯದ ಕಟ್ಟು, ಅದರ ಕೆಳಗೆ ಕ್ಯಾಮೆರಾ.

ಕ್ಯಾಮೆರಾ ತಂದವರು ಅವರ ಯಜಮಾನರು. ಕಾಕಾ ಎಂಜಿನಿಯರು. ಕಾರ್ಖಾನೆಯೊಂದಕ್ಕೆ ಯಂತ್ರ ಜೋಡಿಸಲು ಬಂದಿದ್ದ ಜರ್ಮನಿಯವನೊಬ್ಬ ತಿರುಗಿ ಹೋಗುವಾಗ ತನ್ನ ರೇಂಜ್‌ಫೈಂಡರ್ ಕ್ಯಾಮೆರಾವನ್ನು ಇವರಿಗೆ ಕೊಟ್ಟು ಹೋಗಿದ್ದ. ಕಾಕಾ ದಿನಾ ಬೆಳಿಗ್ಗೆ ಅದನ್ನು ಮಲ್ಮಲ್ ಬಟ್ಟೆಯಿಂದ ಒರೆಸುತ್ತಿದ್ದರು. ಒರೆಸಿ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ರೀಲು ತುಟ್ಟಿ ಎಂದು ಬದುಕಿರುವತನಕ ಒಂದೂ ಫೋಟೋ ತೆಗೆಯಲಿಲ್ಲ. ಅವರು ತೀರಿಕೊಂಡ ಮೇಲೆ ಕಾಕು ಪೆಟ್ಟಿಗೆ ತೆರೆದರು. "ಇವರು ಇಷ್ಟು ವರ್ಷ ಏನು ವರಸತಿದ್ದರು, ನೋಡಬೇಕಲಾ" ಎಂದರಂತೆ.

ನೋಡಿದರೆ ಗಾಜಿನೊಳಗೆ ಬೂಸಲು, ಅಂದರೆ ಬೂಷ್ಟು. ನಮ್ಮ ಮನೆಗಳಲ್ಲಿ ಬೂಸಲಿಗೆ ಇರುವುದು ಒಂದೇ ಮದ್ದು, ಬಿಸಿಲು. ಸಂಡಿಗೆ, ಸೇವಿಗೆ, ಗಾದಿ, ಅತ್ತೆಯ ಶಾಲು, ಎಲ್ಲಕ್ಕೂ ಅದೇ. ಕಾಕು ಮಾಳಿಗೆಯ ಮೇಲೆ ಹೊರಸು ಹಾಕಿ, ಕುಂಬಳಕಾಯಿ ಸಂಡಿಗೆಯ ಪಕ್ಕದಲ್ಲಿ ಕ್ಯಾಮೆರಾವನ್ನೂ ಅಂಗಾತ ಮಲಗಿಸಿ, ಕಾಗೆ ಮುಟ್ಟದ ಹಾಗೆ ಮೇಲೊಂದು ಜಾಳಿಗೆ ಮುಚ್ಚಿ ಬಂದರು. ಹೈದರಾಬಾದಿನ ಮೇ ತಿಂಗಳ ಬಿಸಿಲು. ಈ ಜಾತಿಯ ಕ್ಯಾಮೆರಾದೊಳಗೆ ಕನ್ನಡಿ ಇರುವುದಿಲ್ಲ. ಲೆನ್ಸಿನ ಹಿಂದೆ ಒಂದು ಕಪ್ಪು ಬಟ್ಟೆಯ ಪರದೆ, ಅದರ ಹಿಂದೆ ರೀಲು, ಅಷ್ಟೇ. ಭೂತಗನ್ನಡಿಯಿಂದ ಒಣ ಎಲೆ ಸುಡುವ ಆಟವನ್ನು ಎಲ್ಲರೂ ಆಡಿದ್ದೇವೆ. ಸಂಡಿಗೆ ಒಣಗುವಷ್ಟರಲ್ಲಿ ಸೂರ್ಯ ಆ ಆಟ ಆಡಿ ಮುಗಿಸಿದ್ದ. ಪರದೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು.

ತೂತಿನ ದೆಸೆಯಿಂದ ಲೆನ್ಸಿಗೆ ಯಾವಾಗಲೂ ಮುಚ್ಚಳ ಇರಬೇಕಾಯಿತು. ಮುಚ್ಚಳ ತೆಗೆದಿಟ್ಟಷ್ಟು ಹೊತ್ತೂ ಬೆಳಕು ಒಳಗೆ ನುಸುಳಿ, ಚುಕ್ಕೆ ಹೋಗಿ ಇಡ್ಲಿಯಷ್ಟಾಗುತ್ತಿತ್ತು. ಮೂಲ ಮುಚ್ಚಳ ಎಲ್ಲಿ ಕಳೆದಿತ್ತೋ, ಕಾಕು ಕಾಕಾನ ನಶ್ಯದ ಡಬ್ಬಿಯ ಮುಚ್ಚಳವನ್ನೇ ಒಳಗೆ ಮಖಮಲ್ಲು ಅಂಟಿಸಿ ಹಾಕಿದರು. ಮುಂದಿನ ಸಾಲಿನಲ್ಲಿ ಕೂತವರು ಒಮ್ಮೊಮ್ಮೆ ಸೀನುತ್ತಿದ್ದರು. ಇನ್ನೊಂದು ತೊಡಕು ಏನೆಂದರೆ, ಈ ಕ್ಯಾಮೆರಾದಲ್ಲಿ ನಾವು ಇಣುಕುವುದು ಲೆನ್ಸಿನಲ್ಲಿ ಅಲ್ಲ, ಮೇಲಿನ ಬೇರೊಂದು ಕಿಟಕಿಯಲ್ಲಿ. ಮುಚ್ಚಳ ಹಾಗೇ ಇದ್ದರೂ ಮದುವೆ ಮನೆಯೆಲ್ಲ ಚೊಕ್ಕಟವಾಗಿ ಕಾಣುತ್ತದೆ. ಹಾಗಾಗಿ ಕಾಕು ತೆಗೆದ ಮೊಟ್ಟಮೊದಲ ರೀಲು, ನಮ್ಮ ಮನೆಯ ಸತ್ಯನಾರಾಯಣ ಪೂಜೆಯದು, ಪೂರ್ತಿ ಖಾಲಿ ಬಂತು. ಅಂದಿನಿಂದ ಗಲ್ಲಿಗೆ ಗಲ್ಲಿಯೇ ಎಚ್ಚರವಾಯಿತು. ಕಾಕು ಕ್ಯಾಮೆರಾ ಕಣ್ಣಿಗೆ ಹಿಡಿದರೆ ಸಾಕು, ನಾವು "ಕಾಕು, ಮುಚ್ಚಳ!" ಎಂದು ಕೂಗುತ್ತಿದ್ದೆವು. ತೆಲುಗು ಮನೆಯವರು "ಮೂತ! ಮೂತ!" ಅನ್ನುತ್ತಿದ್ದರು. ಮೂಲೆಮನೆಯ ಖಾಲಾ "ಅರೆ ಢಕ್ಕನ್!" ಎಂದು ಒದರುತ್ತಿದ್ದರು. ಕಾಕು "ಅಯ್ಯಯ್ಯ" ಎಂದು ನಾಲಿಗೆ ಕಚ್ಚಿ, ಮುಚ್ಚಳ ಕಿತ್ತವರೇ ನಮ್ಮ ಬಾಯಿ ಮುಚ್ಚುವ ಮೊದಲೇ ಒತ್ತಿಬಿಡುತ್ತಿದ್ದರು. ಆಲ್ಬಮ್ಮಿನಲ್ಲಿ ಈಗಲೂ ಬಾಯಿಯ ಆಕಾರ ನೋಡಿ ಇವರು ಯಾವ ಭಾಷೆಯವರು ಎಂದು ಹೇಳಬಹುದು.

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಾನು. ಚಡ್ಡಿ ಹಾಕುವ ಕಾಲದಿಂದಲೂ ಅದು ನನ್ನ ಹಕ್ಕು ಎಂಬಂತೆ ಕೂಗುತ್ತಿದ್ದೆ.

ಆ ಕಿಟಕಿಯಲ್ಲಿ ಇನ್ನೊಂದು ವಿಶೇಷ ಉಂಟು. ಎದುರಿನ ಮನುಷ್ಯ ಮೊದಲು ಎರಡೆರಡಾಗಿ, ಒಬ್ಬನ ಪಕ್ಕದಲ್ಲಿ ಅವನದೇ ದೆವ್ವ ನಿಂತ ಹಾಗೆ ಕಾಣುತ್ತಾನೆ. ಲೆನ್ಸು ತಿರುಗಿಸುತ್ತಾ ಹೋದರೆ ಎರಡೂ ಸರಿದು ಬಂದು ಕೂಡುತ್ತವೆ. ಕೂಡಿದಾಗ ಒತ್ತಬೇಕು. "ತಡೀರಿ, ಇನ್ನೂ ಇಬ್ಬಿಬ್ಬರು ಕಾಣಾಕತ್ತೀರಿ. ಒಬ್ಬೊಬ್ಬರಾಗ್ರಿ" ಎನ್ನುವುದು ಕಾಕುವಿನ ಮಾತು. ನನ್ನ ಮದುವೆಯಾದ ಹೊಸದರಲ್ಲಿ ಶೈಲಾ ಮತ್ತು ನಾನು ಮಾತು ಬಿಟ್ಟಿದ್ದೆವು. ಕಾರಣ ಒಂದು ಸೋಫಾ. ಕಾಕು ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ಲೆನ್ಸು ತಿರುಗಿಸಿ ತಿರುಗಿಸಿ, "ಊಹೂಂ, ಈ ಜೋಡಿ ಕೂಡವಲ್ಲದು. ನಡುವ ಏನೋ ಅಡ್ಡ ಬಂದೈತಿ. ಸೋಫಾ ಏನು?" ಎಂದರು. ಇಬ್ಬರೂ ನಕ್ಕುಬಿಟ್ಟೆವು. ಆ ಫೋಟೋ ನಮ್ಮ ಹಾಲ್‌ನ ಗೋಡೆಯ ಮೇಲಿದೆ. ಸೋಫಾ ಯಾವತ್ತೋ ಹಳೆಯ ಸಾಮಾನಿನವನ ಪಾಲಾಯಿತು.

ಇನ್ನು ನನ್ನ ರೋಗದ ಮಾತು. ಕಾಕುವಿನ ಕ್ಯಾಮೆರಾ ನೋಡುತ್ತಾ ಬೆಳೆದವನು ಫೋಟೋ ತೆಗೆಯುವುದನ್ನು ಕಲಿಯಬಹುದಿತ್ತು. ನಾನು ಕ್ಯಾಮೆರಾ ಕೊಳ್ಳುವುದನ್ನು ಕಲಿತೆ. ಮಾದಾಪುರದ ಕಚೇರಿಯಲ್ಲಿ ಲೆಕ್ಕಪತ್ರ ನೋಡುವ ನನಗೆ ಆ ಜರ್ಮನ್ ಕ್ಯಾಮೆರಾದ ಚರಿತ್ರೆಯೆಲ್ಲ ಬಾಯಿಪಾಠ. ದಮ್ಮಿನ ಕಾಯಿಲೆಯಿದ್ದ ಕುಶಲಕರ್ಮಿಯೊಬ್ಬ ಭಾರದ ಪೆಟ್ಟಿಗೆ ಕ್ಯಾಮೆರಾ ಹೊರಲಾರದೆ ಸಿನಿಮಾ ರೀಲಿನ ತುಂಡು ಹಾಕಿ ಅಂಗೈಯಗಲದ ಯಂತ್ರ ಮಾಡಿದ್ದು, ಅದು ಜಗತ್ತಿನ ಯುದ್ಧಗಳನ್ನೂ ಬೀದಿಗಳನ್ನೂ ಸುತ್ತಿದ್ದು, ತಿರುಪಿನ ಲೆನ್ಸು ಹೋಗಿ ಚಿಟಕ್ಕನೆ ಕೂರುವ ಲೆನ್ಸು ಬಂದಿದ್ದು, ಆಮೇಲೆ ಬೆಳಕು ಅಳೆಯುವ ಪುಟ್ಟ ದೀಪಗಳು ಒಳಗೆ ಸೇರಿದ್ದು, ಯಾವುದನ್ನು ಕೇಳಿದರೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ಎತ್ತಿದರೆ ಶೈಲಾ ಎದ್ದು ಹೋಗುತ್ತಾಳೆ.

ನನ್ನನ್ನು ಕೆಡಿಸಿದ್ದು ವಿಶೇಷ ಆವೃತ್ತಿಗಳು. ಒಳಗಿನ ಯಂತ್ರ ಅದೇ, ಮೇಲಿನ ಅಂಗಿ ಮಾತ್ರ ಬೇರೆ. ಬಂಗಾರದ ಲೇಪ, ಪ್ಲಾಟಿನಂ ಲೇಪ, ಹಲ್ಲಿ ಜಾತಿಯ ಪ್ರಾಣಿಯ ಚರ್ಮ, ಯಾವುದೋ ದೇಶದ ಉತ್ಸವ, ಯಾವುದೋ ಸಂಘದ ವರ್ಷಾಚರಣೆ. ಇಂತಿಷ್ಟೇ ಮಾಡಿ ಒಂದೊಂದಕ್ಕೂ ನಂಬರು ಹಾಕಿ ಮಾರುತ್ತಾರೆ. ನನ್ನಂಥವರು ಕೊಂಡು ಗಾಜಿನ ಅಲಮಾರಿಯಲ್ಲಿಡುತ್ತಾರೆ. ರೀಲು ಹಾಕಿದರೆ ಬೆಲೆ ಬಿತ್ತು, ಪೆಟ್ಟಿಗೆಯ ಮೊಹರು ಒಡೆದರೆ ಇನ್ನೂ ಬಿತ್ತು. ನಾನು ಕೈಗವಸು ಹಾಕಿಕೊಂಡು ವಾರಕ್ಕೊಮ್ಮೆ ದರ್ಶನ ಮಾಡುತ್ತಿದ್ದೆ. "ಸಾಲಿಗ್ರಾಮಕ್ಕರೆ ದಿನಾ ಒಂದು ತಂಬಿಗಿ ನೀರು ಬೀಳತಾವ. ನಿಮ್ಮ ಇವಕ್ಕ ಅದೂ ಇಲ್ಲ ನೋಡ್ರಿ" ಎಂದಳು ಶೈಲಾ. ಕಾಕಾನ ಮಲ್ಮಲ್ ಬಟ್ಟೆ ನನಗೆ ಆಗ ನೆನಪಾಗಬೇಕಿತ್ತು, ಆಗಲಿಲ್ಲ.

ಒಮ್ಮೆ ವರ್ಷದ ಬೋನಸ್ಸು ಸುರಿದು ಒಂದು ಅಪರೂಪದ ಆವೃತ್ತಿ ತರಿಸಿದೆ. ಅದರ ವಿಶೇಷವೆಂದರೆ, ಹೊಸ ಕ್ಯಾಮೆರಾವನ್ನು ಕಾರ್ಖಾನೆಯಲ್ಲಿಯೇ ಕೈಯಿಂದ ಉಜ್ಜಿ, ಕಪ್ಪು ಬಣ್ಣದ ಅಡಿಯ ಹಿತ್ತಾಳೆ ಕಾಣುವ ಹಾಗೆ ಮಾಡಿ, ಎಷ್ಟೋ ವರ್ಷ ಊರೂರು ತಿರುಗಿದ ಕ್ಯಾಮೆರಾದಂತೆ ತಯಾರಿಸಿದ್ದು. ಎದೆ ಉಬ್ಬಿಸಿಕೊಂಡು ಕಾಕುವಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿದರು. ಪಕ್ಕದಲ್ಲಿ ತಮ್ಮದನ್ನು ಇಟ್ಟರು. ಅದರಲ್ಲೂ ಅದೇ ಮೂಲೆಗಳಲ್ಲಿ ಹಿತ್ತಾಳೆ ಮಿಂಚುತ್ತಿತ್ತು.

"ಅಯ್ಯ ವೆಂಕ್ಯಾ, ಸವದದ್ದನ್ನ ರೊಕ್ಕಾ ಕೊಟ್ಟು ತಂದೀ ಏನಪಾ? ನನ್ನ ಕೈಯಾಗ ಕೊಟ್ಟಿದ್ದರ ನಾ ಫುಕಟ ಸವಸಿ ಕೊಡತಿದ್ದೆನಲ್ಲೋ" ಎಂದರು. ಗಲ್ಲಿಯಲ್ಲಿ ಈ ಮಾತು ಹಬ್ಬಿ, ಇಸ್ತ್ರಿಯವನು ಕೂಡ ಹರಿದ ಅಂಗಿ ತೋರಿಸಿ "ಸ್ಪೆಷಲ್ ಎಡಿಷನ್ ಸಾಬ್" ಅನ್ನತೊಡಗಿದ.

ಕಾಕು ತಮ್ಮ ಕ್ಯಾಮೆರಾದ ನೆತ್ತಿಯ ಮೇಲೆ ಗಾಯದ ಪಟ್ಟಿ ಅಂಟಿಸಿ, ಅದರ ಮೇಲೆ ಪೆನ್ನಿನಿಂದ 'ಮುಚ್ಚಳ' ಎಂದು ಬರೆದಿದ್ದರು. ಒಂದು ದಿನ ಅದು ಕೊಳೆಯಾಗಿದೆ, ಬದಲಿಸಿ ಕೊಡು ಎಂದರು. ನಾನು ಕಿತ್ತೆ. ಕಿತ್ತ ಕೈ ಅಲ್ಲೇ ನಿಂತಿತು. ಪಟ್ಟಿಯ ಕೆಳಗೆ ಎಲೆಗಳ ಪುಟ್ಟ ಹಾರದ ಕೆತ್ತನೆ, ಹಾರದ ನಡುವೆ ಐವತ್ತು ಎಂಬ ಅಂಕಿ. ನನ್ನ ಪುಸ್ತಕದಲ್ಲಿ ಅದರ ಚಿತ್ರಕ್ಕೆ ಒಂದು ಪುಟ ಪೂರ್ತಿ ಮೀಸಲು. ಆ ಕ್ಯಾಮೆರಾ ಹುಟ್ಟಿ ಐವತ್ತು ವರ್ಷವಾದಾಗ ಮಾಡಿದ ಆವೃತ್ತಿ. ನಾನು ಜಗತ್ತೆಲ್ಲ ಹುಡುಕುತ್ತಿದ್ದ ವಸ್ತು ನಮ್ಮ ಎದುರು ಮನೆಯಲ್ಲಿ, ಪುಂಡಿಪಲ್ಯದ ಕೆಳಗೆ, ಗಾಯದ ಪಟ್ಟಿ ಕಟ್ಟಿಕೊಂಡು ಕೂತಿತ್ತು.

ಅವತ್ತಿನಿಂದ ಆ ಕ್ಯಾಮೆರಾ ನನಗೆ ಬೇಕಾಯಿತು. ಅನ್ನ ಸೇರದಷ್ಟು ಬೇಕಾಯಿತು. ಕಾಕುವಿಗೆ ವಿಷಯ ಹೇಳಿದೆ. ಹೇಳದೆ ಲಪಟಾಯಿಸುವಷ್ಟು ಜಾಣತನ ನನಗಿಲ್ಲ. "ಹೌದಾ? ಇದಕ್ಕೂ ಐವತ್ತರ ಶಾಂತಿ ಆಗೇತೇನು?" ಎಂದು ಹೊಸ ಪಟ್ಟಿ ಅಂಟಿಸಿದರು. ನಾನು ಬದಲಿಗೆ ಬಂಗಾರದ ಲೇಪದ್ದನ್ನು ಒಯ್ದು ಮುಂದಿಟ್ಟೆ. "ಇದನ್ನೇನು ಕೊಳ್ಳಾಗ ಹಾಕ್ಕೊಂಡು ಲಗ್ನಕ್ಕ ಹೋಗೂದೇನೋ?" ಎಂದರು. ಹೋಗಲಿ, ಪರದೆಯನ್ನಾದರೂ ರಿಪೇರಿ ಮಾಡಿಸೋಣ ಎಂದೆ. "ಸೂರ್ಯ ತಾನ ಬಂದು ಸಹಿ ಮಾಡ್ಯಾನ. ಅಳಸಾಕ ನೀ ಯಾರಪಾ?"

ಕೊನೆಗೆ ನನ್ನ ಬ್ರಹ್ಮಾಸ್ತ್ರ ತೆಗೆದೆ. ಮೊಹರು ಒಡೆಯದ, ಪೆಟ್ಟಿಗೆಯಲ್ಲೇ ಇದ್ದ ಆವೃತ್ತಿ. ತೂತಿಲ್ಲ, ಬೂಸಲಿಲ್ಲ, ನೋಡ್ರಿ ಸಾಕು ಎಂದೆ. ನೋಡುವುದೆಂದರೆ ಪೆಟ್ಟಿಗೆ ನೋಡುವುದು ಎಂದು ನನ್ನ ಅರ್ಥ. ಕಾಕು ಬೆಂಡೆಕಾಯಿ ಹೆಚ್ಚುತ್ತಾ ಕೂತಿದ್ದರು. ಪೆಟ್ಟಿಗೆಯನ್ನು ಈಸಿಕೊಂಡವರೇ ಈಳಿಗೆಗೆ ಹಿಡಿದು ಮೊಹರನ್ನು ಸರ್ರನೆ ಕೊಯ್ದರು. ನನ್ನ ಬಾಯಿಂದ ಹೊರಟ ಸದ್ದಿಗೆ ಒಲೆಯ ಪಕ್ಕದ ಬೆಕ್ಕು ಎದ್ದು ಹೋಯಿತು.

ಆ ವಾರ ಉಪ್ಪಲ್‌ನಲ್ಲಿ ಕಾಕುವಿನ ತಮ್ಮನ ಮಗಳು ಮಾಲತಿಯ ಗೃಹಪ್ರವೇಶ. ಕಾಕು ನನ್ನ ಕ್ಯಾಮೆರಾದಲ್ಲೇ ಎಲ್ಲ ಫೋಟೋ ತೆಗೆದರು. ತೂತಿಲ್ಲದ್ದಕ್ಕೆ ಮುಚ್ಚಳದ ಹಂಗಿಲ್ಲ, ಹಂಗಿಲ್ಲದ್ದಕ್ಕೆ ಯಾರೂ ಕೂಗಲಿಲ್ಲ. ಪ್ರಿಂಟು ಬಂದ ದಿನ ನನ್ನನ್ನು ಕರೆದರು. ಚುಕ್ಕೆಯಿಲ್ಲದ, ಕನ್ನಡಿಯಂತಹ ಫೋಟೋಗಳು. ಒಂದೊಂದರಲ್ಲೂ ಜನ ತುಟಿ ಬಿಗಿದು, ಭುಜ ಸೆಟೆಸಿ ನಿಂತಿದ್ದರು. "ಎಲ್ಲಾರೂ ಪಾಸ್‌ಪೋರ್ಟಿಗೆ ನಿಂತಂಗ ನಿಂತಾರ. ನಿನ್ನ ಕ್ಯಾಮೆರಾದಾಗ ತೂತಿಲ್ಲಪಾ, ಅದ ಅದರ ತೊಂದರಿ" ಎಂದು ವಾಪಸು ಕೊಟ್ಟರು. ನಾನು ಮೊಹರಿಗೆ ಅಂಟು ಹಚ್ಚುವ ಬಗೆ ಯೋಚಿಸುತ್ತಾ ಮನೆಗೆ ಬಂದೆ.

ಹೋದ ವರ್ಷ ಚಳಿಗಾಲದಲ್ಲಿ ಕಾಕುವಿನ ಎದೆ ಸೋತಿತು. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರು. ಮಾಲತಿ ಬಂದು ಜೊತೆಗಿದ್ದಳು. ಒಂದು ಭಾನುವಾರ ನೋಡಲು ಹೋದೆ. ಕಾಕು ಕಿಟಕಿಯ ಪಕ್ಕ ದಿಂಬಿಗೆ ಒರಗಿ ಕೂತಿದ್ದರು, ತುಂಬ ಇಳಿದುಹೋಗಿದ್ದರು. ತೊಡೆಯ ಮೇಲೆ ಕ್ಯಾಮೆರಾ. ಪಟ್ಟಿಯ ಒಂದು ಅಂಚು ಎದ್ದು, ಹಾರದ ಎರಡು ಎಲೆ ಹೊರಗೆ ಇಣುಕುತ್ತಿದ್ದವು.

"ಕೂಡು ಬಾ. ನಿಂದೊಂದು ತಗೀತೀನಿ. ಊರಿನವರ ಜೋಡಿ ತಗದೀನಿ, ಹೆಂಡತಿ ಜೋಡಿ ತಗದೀನಿ, ನಿನ್ನ ಒಬ್ಬಂದ ಎಂದೂ ತಗದಿಲ್ಲ" ಎಂದರು.

ಕೂತೆ. ಕ್ಯಾಮೆರಾ ಎತ್ತಿ ಕಣ್ಣಿಗೆ ಹಿಡಿದರು. "ತಡಿ, ಇನ್ನೂ ಇಬ್ಬರಿದ್ದೀ" ಎಂದು ಲೆನ್ಸು ತಿರುಗಿಸಿದರು. ನನ್ನ ಕಣ್ಣು ಆ ಎರಡು ಎಲೆಗಳ ಮೇಲಿತ್ತು. ಅಂಟಿನಿಂದ ಕೆತ್ತನೆ ಕೆಟ್ಟಿದೆಯೋ, ಸ್ಪಿರಿಟ್ಟಿನಲ್ಲಿ ಒರೆಸಿದರೆ ಹೋದೀತೋ, ಕಾಕು ಇದನ್ನು ಯಾರಿಗೆ ಬರೆದಿಟ್ಟಿರಬಹುದು ಎಂದು ತಲೆ ಓಡುತ್ತಿತ್ತು. ಕಾಕು ಕಾಯುತ್ತಿದ್ದರು. ಸಾಕಷ್ಟು ಹೊತ್ತು ಕಾದರು.

"ಹೇಳಪಾ" ಎಂದರು.

ಸಮಯ ಕೂಡಿ ಬಂತು ಎಂದುಕೊಂಡೆ. "ಅಲ್ಲ ಕಾಕು, ಮುಂದ ಈ ಕ್ಯಾಮೆರಾದ್ದು ಏನ ವಿಚಾರ ಮಾಡೀರಿ?" ಎಂದೆ.

ಕ್ಲಿಕ್ ಎಂದಿತು. ಕಾಕು ಕ್ಯಾಮೆರಾವನ್ನು ಸೆರಗಿನಲ್ಲಿ ಇಳಿಸಿಕೊಂಡು, "ಆತು. ನೀ ಹೆಂಗಿದ್ದೀ, ಹಂಗ ಬಂದೀ ನೋಡು" ಎಂದು ನಕ್ಕರು. ಹೊಗಳಿಕೆ ಎಂದು ತಿಳಿದು ನಾನೂ ನಕ್ಕೆ. ಮಾಲತಿ ಚಹಾ ತಂದಳು, ಕುಡಿದು ಬಂದೆ. ಶೈಲಾಳ ಮುಂದೆ, "ಕಾಕು ನನ್ನ ಒಬ್ಬನದೇ ತೆಗೆದರು, ಭಾಳ ಛಲೋ ಬಂದೈತಂತ" ಎಂದು ಹೇಳಿಕೊಂಡೆ.

ಸಂಕ್ರಾಂತಿಯ ನಂತರ ಕಾಕು ಹೋದರು. ನಾನು ಅತ್ತೆ. ಜೀವನವಿಡೀ ನನ್ನನ್ನು ಗೇಲಿ ಮಾಡಿಯೂ ಒಂದು ದಿನವೂ ಸಣ್ಣವನನ್ನಾಗಿ ಮಾಡದ ಮನುಷ್ಯರು ಅವರೊಬ್ಬರೇ. ಅತ್ತವನೇ, ನಾಚಿಕೆಯಿಲ್ಲದೆ, ಗಾಜಿನ ಅಲಮಾರಿಯ ನಡುವಿನ ಅಂಕಣವನ್ನು ಖಾಲಿ ಮಾಡಿ ಮಖಮಲ್ಲು ಹಾಸಿದೆ. ನನ್ನನ್ನು ಬಿಟ್ಟು ಆ ಕ್ಯಾಮೆರಾದ ಬೆಲೆ ಗೊತ್ತಿರುವವರು ಇನ್ನಾರಿದ್ದರು?

ತಿಂಗಳು ಕಳೆದು ಮಾಲತಿ ಉಪ್ಪಲ್‌ನಿಂದ ಮೆಟ್ರೋದಲ್ಲಿ ಬಂದಳು. ಅವಳ ಹೆಗಲಲ್ಲಿ ಕಾಕುವಿನ ಬಟ್ಟೆಯ ಚೀಲ. ನಾನು ಕೈಗವಸು ಎಲ್ಲಿದೆ ಎಂದು ಕಣ್ಣಲ್ಲೇ ಹುಡುಕಿದೆ. ಅವಳು ಚೀಲದಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚಿದೆ. ನಶ್ಯದ ಡಬ್ಬಿಯ ಮುಚ್ಚಳ.

"ಕ್ಯಾಮೆರಾ ನನಗ ಕೊಟ್ಟಾಳ್ರಿ ಅತ್ತಿ. ಹೊಸಾ ಪರದೆ ಹಾಕಸು, ತೂತ ನಂದು, ನಿನ್ನ ತೂತ ನೀನ ಮಾಡ್ಕೋ ಅಂದ್ಲು. ಇನ್ನ ಮುಚ್ಚಳ ಬೇಕಾಗಂಗಿಲ್ಲ, ಇದು ವೆಂಕ್ಯಾಗ ಅಂದ್ಲು" ಎಂದಳು ಮಾಲತಿ.

ನಾನು ಮುಚ್ಚಳವನ್ನು ತಿರುಗಿಸಿ ನೋಡಿದೆ. ನಿಜ ಹೇಳುತ್ತೇನೆ, ಎಲ್ಲಾದರೂ ನಂಬರು ಇದೆಯೋ ಎಂದು ನೋಡಿದೆ. ಆಮೇಲೆ ಮಾತು ತೇಲಿಸಲು, "ಪಾಪ, ಕಾಕು ಇದನ್ನ ತಗಿಯೂದು ಯಾವಾಗಲೂ ಮರೀತಿದ್ದರು" ಎಂದೆ.

ಮಾಲತಿ ನನ್ನನ್ನೇ ನೋಡಿದಳು. "ಮರೀತಿದ್ದಳ? ಅತ್ತಿ ಹುಣಸಿಗಿಡ ತಗದಾಳ, ಹುಸೇನ್ ಸಾಗರ ತಗದಾಳ, ಯಾದವರ ಎಮ್ಮಿ ತಗದಾಳ. ಎಲ್ಲಾ ಬಂದಾವ. ಎಮ್ಮಿ ಏನ 'ಮುಚ್ಚಳ' ಅಂತ ಒದರತಿತ್ತೇನ್ರಿ? ಆ ಸತ್ಯನಾರಾಯಣ ಪೂಜಿದು ಒಂದು ಬಿಟ್ಟರ ಅಕಿ ಯಾವ ರೀಲಿನಾಗೂ ಒಂದೂ ಖಾಲಿ ಇಲ್ಲ. ನೀವೆಲ್ಲಾ ಒದರಲಿ ಅಂತ ತಡೀತಿದ್ದಳು" ಎಂದಳು. ಚೀಲದಿಂದ ತೊಳೆದು ತಂದ ರೀಲಿನ ಒಂದು ಪಟ್ಟಿ ತೆಗೆದಳು. "ಕಡೀ ರೀಲಿನಾಗ ಒಂದ ಖಾಲಿ ಐತಿ. ನಿಮ್ಮದು."

ಬೆಳಕಿಗೆ ಹಿಡಿದು ತೋರಿಸಿದಳು. ಒಂದು ಕಡೆ ಹಾಲು ತರುವ ಯಾದಮ್ಮ, ಬಾಯಿ ತೆರೆದು 'ಮೂತ' ಎಂದು ಕೂಗಿ ನಗುತ್ತಿದ್ದಳು. ಇನ್ನೊಂದು ಕಡೆ ಮರುದಿನ ತೆಗೆದ ಮಾಲತಿಯ ಫೋಟೋ, ಅವಳೂ ಬಾಯಿ ತೆರೆದಿದ್ದಳು. ನಡುವೆ ನಾನು ಇರಬೇಕಾದ ಜಾಗ.

ಕಾಕು ಅಷ್ಟು ಹೊತ್ತು ಕಾದದ್ದು, "ಹೇಳಪಾ" ಎಂದದ್ದು ಯಾಕೆಂದು ಆಗ ತಿಳಿಯಿತು. ಅವರಿಗೆ ಬೇಕಾಗಿದ್ದುದು ಒಂದೇ ಮಾತು. ನಲವತ್ತು ವರ್ಷ ಗಂಟಲು ಹರಿಯುವಂತೆ ಕೂಗಿದವನಿಗೆ ಅವತ್ತು ಅದೊಂದು ಮಾತು ಬರಲಿಲ್ಲ. ಆ ಪಟ್ಟಿಯನ್ನು ನನಗೆ ಕೊಡು ಎಂದು ಮಾಲತಿಯ ಹತ್ತಿರ ಕೇಳಿಕೊಂಡೆ. ಕೊಟ್ಟಳು.

ಈಗ ಅಲಮಾರಿಯ ನಡುವಿನ ಅಂಕಣದಲ್ಲಿ, ಮಖಮಲ್ಲಿನ ಮೇಲೆ, ನಶ್ಯದ ಮುಚ್ಚಳ ಇದೆ. ಈಳಿಗೆಗೆ ಸಿಕ್ಕ ಕ್ಯಾಮೆರಾಕ್ಕೆ ರೀಲು ಹಾಕಿದ್ದೇನೆ. ಒಂದು ಎಮ್ಮೆ ತೆಗೆದಿದ್ದೇನೆ, ಅದೂ ಅಲುಗಾಡಿದೆ. ಭಾನುವಾರ ಬೆಳಿಗ್ಗೆ ಶೈಲಾ ಅಡುಗೆಮನೆಯಲ್ಲಿರುವಾಗ ಆ ಪಟ್ಟಿಯನ್ನು ಕಿಟಕಿಗೆ ಹಿಡಿದು ನೋಡುತ್ತೇನೆ. ಬೆಳಕು ಬೀಳದ ನೆಗೆಟಿವ್ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅದರಲ್ಲಿ ಎದುರು ಮನೆಯ ಕಟ್ಟೆ ಕಾಣುತ್ತದೆ, ಮಾಳಿಗೆ ಕಾಣುತ್ತದೆ, ಯಾರೋ ಒಣಹಾಕಿದ ಸಂಡಿಗೆ ಕಾಣುತ್ತದೆ. ನಾನೊಬ್ಬ ಇಲ್ಲ.

ಹೋದ ವಾರ ಹಾಗೆ ನೋಡುತ್ತಿದ್ದಾಗ, ತಡೆಯಲಾಗದೆ, "ಕಾಕು, ಮುಚ್ಚಳ!" ಎಂದು ಕೂಗಿಬಿಟ್ಟೆ. ಅಡುಗೆಮನೆಯಲ್ಲಿ ಶೈಲಾಳ ಸೌಟಿನ ಸದ್ದು ನಿಂತಿತು.